ಬೇಸ್ ಗಿಟಾರ್: ಕೊಳ್ಳುವಾಗ, ಹದ ಮಾಡುವಾಗ, ಪೆಂಡಾಲಿನಲ್ಲಿ ನುಡಿಸುವಾಗ

ಬೇಸ್ ಗಿಟಾರಿನ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಬರುವ ಸ್ವರ 41 ಹರ್ಟ್ಸ್, ಅಂದರೆ ತಂತಿ ಸೆಕೆಂಡಿಗೆ 41 ಸಲ ಅದುರುತ್ತದೆ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಹೊರಡಿಸಲು ಆಗುವುದೇ ಇಲ್ಲ. ಆದರೂ ಫೋನಿನಲ್ಲಿ ಹಾಡು ಹಾಕಿದರೆ ಬೇಸ್ ಯಾವ ಸ್ವರ ಹಿಡಿದಿದೆ ಅಂತ ನಮಗೆ ಗೊತ್ತಾಗುತ್ತದೆ, ಅಲ್ವಾ? ಕಾರಣ ಇಷ್ಟೇ. ತಂತಿಯಿಂದ 41 ಒಂದೇ ಬರುವುದಿಲ್ಲ. ಅದರ ಜೊತೆಗೆ 82, 123, 164 ಹೀಗೆ ಮೇಲಿನವೂ ಬರುತ್ತವೆ. ಅವನ್ನು ಕೇಳಿಸಿಕೊಂಡು, ಇಲ್ಲದ 41ನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ.

ಇದು ಅರ್ಥವಾದರೆ ಬೇಸ್ ಸಾಮಾನು ಕೊಳ್ಳುವ ಲೆಕ್ಕವೇ ಬದಲಾಗುತ್ತದೆ. ಅಂಗಡಿಯಲ್ಲಿ, ಮನೆಯಲ್ಲಿ ಎಲ್ಲರೂ ಎದೆಗೆ ಬಡಿಯುವ 'ದುಂ' ಹುಡುಕುತ್ತಾರೆ. ಪೆಂಡಾಲಿನಲ್ಲಿ ಡೋಲಕ್, ತಬಲಾ, ಪ್ಯಾಡ್, ಕೀಬೋರ್ಡ್ ಎಲ್ಲ ಸೇರಿದ ಮೇಲೆ ಆ 'ದುಂ' ಯಾರದು ಅಂತ ಯಾರಿಗೂ ತಿಳಿಯುವುದಿಲ್ಲ. ಬೇಸಿನ ಸ್ವರ ಗುರುತು ಸಿಗುವುದು ಅದಕ್ಕಿಂತ ಮೇಲಿನ ಸದ್ದಿನಲ್ಲಿ, ಸುಮಾರು 100ರಿಂದ 1000 ಹರ್ಟ್ಸ್ ನಡುವೆ. ಹಾಗಾಗಿ ಮನೆಯಲ್ಲಿ ಒಬ್ಬರೇ ಕೂತಾಗ ಸ್ವಲ್ಪ ಒರಟು ಅನ್ನಿಸುವ ಬೇಸೇ ವೇದಿಕೆಯ ಮೇಲೆ ಚೆನ್ನಾಗಿ ಕೇಳಿಸುತ್ತದೆ. ಮನೆಯಲ್ಲಿ ತುಪ್ಪದ ಹಾಗೆ ನುಣ್ಣಗಿರುವ ಸೌಂಡು ಅಲ್ಲಿ ಕಾಣೆಯಾಗುತ್ತದೆ.

ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಮನೆ ಮೈಸೂರಿನ ಸರಸ್ವತಿಪುರಂ. ರಜೆಯ ದಿನ, ಗಣೇಶನ ಹಬ್ಬ, ದಸರಾ, ರಾಜ್ಯೋತ್ಸವದ ಕಾಲದಲ್ಲಿ ಒಂದು ಆರ್ಕೆಸ್ಟ್ರಾಗೆ ಬೇಸ್ ನುಡಿಸುತ್ತೇನೆ. "ಮೇಡಂ, ಯಾವ ಬೇಸ್ ತಗೊಳ್ಲಿ?" ಅಂತ ಹುಡುಗರು, ಈಗೀಗ ಹುಡುಗಿಯರೂ, ಕೇಳುತ್ತಾರೆ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿ ಮುಗಿಯುವ ಉತ್ತರ ಅಲ್ಲ ಅದು.

ಮೊದಲು ದುಡ್ಡಿನ ಮಾತು

ಕೈಯಲ್ಲಿರುವ ದುಡ್ಡನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಮೂರರಲ್ಲಿ ಒಂದು ಪಾಲು ಎತ್ತಿಡಿ. ಹೊಸ ತಂತಿ, ಒಳ್ಳೆಯ ಕೇಬಲ್, ಟ್ಯೂನರ್, ಅಗಲವಾದ ಸ್ಟ್ರ್ಯಾಪ್, ಒಂದು ಡಿಐ ಬಾಕ್ಸ್ (ಬೇಸನ್ನು ಮಿಕ್ಸರಿಗೆ ಸೇರಿಸುವ ಪುಟ್ಟ ಪೆಟ್ಟಿಗೆ, ಮುಂದೆ ಹೇಳುತ್ತೇನೆ), ಇವಕ್ಕೆ ಬೇಕಾಗುತ್ತದೆ. ಹದ ಮಾಡಿದ ಸಾಧಾರಣ ಬೇಸಿನ ಮುಂದೆ ಹದ ತಪ್ಪಿದ ದುಬಾರಿ ಬೇಸ್ ನಿಲ್ಲುವುದಿಲ್ಲ.

ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಬೇಸ್‌ಗಳು ಎರಡು ಹಳೇ ಮಾದರಿಗಳ ಮಕ್ಕಳು, ಮೊಮ್ಮಕ್ಕಳು. ಒಂದು, ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್. ಇನ್ನೊಂದು, ಅದೇ ಕಂಪನಿ 1960ರಲ್ಲಿ ತಂದ ಜ್ಯಾಝ್ ಬೇಸ್. ಅಂಗಡಿಯವರು ಪಿ, ಜೆ ಅನ್ನುವುದು ಇವನ್ನೇ. ಪಿ ಮಾದರಿಯಲ್ಲಿ ಎರಡು ತುಂಡಾಗಿ ಕೂತಿರುವ ಒಂದೇ ಪಿಕಪ್ (ತಂತಿ ಅದುರುವುದನ್ನು ಕರೆಂಟಾಗಿ ಬದಲಿಸುವ ಭಾಗ) ಇರುತ್ತದೆ. ಒಂದು ವಾಲ್ಯೂಮ್, ಒಂದು ಟೋನ್, ಮುಗಿಯಿತು. ಸದ್ದು ಗಟ್ಟಿ, ನಡುವಿನ ಭಾಗ ತುಂಬಿರುತ್ತದೆ, ಗುಂಯ್‌ಗುಡುವುದು ಕಡಿಮೆ. ಜೆ ಮಾದರಿಯಲ್ಲಿ ಎರಡು ಪಿಕಪ್. ನೆಕ್ (ಎಡಗೈ ಹಿಡಿಯುವ ಉದ್ದನೆಯ ಕತ್ತು) ನಟ್ಟಿನ ಹತ್ತಿರ, ಅಂದರೆ ತಲೆಯ ಕಡೆ ತಂತಿಗಳು ಕೂರುವ ಪಟ್ಟಿಯ ಹತ್ತಿರ, ಸಣ್ಣಗಿರುತ್ತದೆ, ಸುಮಾರು 38 ಮಿಲಿಮೀಟರ್. ನನ್ನಂಥ ಚಿಕ್ಕ ಕೈಗೆ ಹಿತ. ಬ್ರಿಡ್ಜಿನ (ಬಾಡಿಯ ಮೇಲೆ ತಂತಿಗಳ ತುದಿ ಕೂರುವ ಭಾಗ) ಕಡೆಯ ಪಿಕಪ್ ಹೆಚ್ಚಿಸಿದರೆ ಸ್ವರ ಚೂಪಾಗುತ್ತದೆ, ಬೆರಳಿನ ಓಟ ಒಂದೊಂದೂ ಕೇಳುತ್ತದೆ. ಆದರೆ ಎರಡು ಪಿಕಪ್ಪಿನ ವಾಲ್ಯೂಮ್ ಸಮವಾಗಿ ಇಲ್ಲದಿದ್ದರೆ ಕರೆಂಟಿನ ಗುಂಯ್ ಶುರು. ಆರ್ಕೆಸ್ಟ್ರಾಗೆ ಅಂತ ಯಾರಾದರೂ ಕೇಳಿದರೆ ನಾನು ಪಿ ಅನ್ನುತ್ತೇನೆ. ತಿರುಗಿಸಿ ಕೆಡಿಸಲು ಅದರಲ್ಲಿ ಗುಂಡಿಗಳೇ ಕಡಿಮೆ.

ಆಕ್ಟಿವ್ ಬೇಸ್ ಬೇಕಾ? ಒಳಗೆ 9 ವೋಲ್ಟ್ ಬ್ಯಾಟರಿ, ಬೇಸ್-ಮಿಡ್-ಟ್ರೆಬಲ್ ಗುಂಡಿಗಳು ಇರುತ್ತವೆ. ಉದ್ದ ಕೇಬಲ್ ಹಾಕಿದರೂ ಸದ್ದು ಮಂಕಾಗುವುದಿಲ್ಲ, ಅದು ದೊಡ್ಡ ಅನುಕೂಲ. ಕೇಬಲ್ ಚುಚ್ಚಿದ ತಕ್ಷಣ ಬ್ಯಾಟರಿ ಆನ್ ಆಗುತ್ತದೆ, ಕಿತ್ತಾಗಲೇ ಆಫ್. ನುಡಿಸಿ ಆದ ಮೇಲೆ ಕೇಬಲ್ ಹಾಗೇ ಬಿಟ್ಟರೆ ಮಾರನೇ ಕಾರ್ಯಕ್ರಮಕ್ಕೆ ಬ್ಯಾಟರಿ ಇರುವುದಿಲ್ಲ. ಸದ್ದು ಕರಕರ ಅನ್ನಲು ಶುರುವಾದರೆ ಮೊದಲು ಬ್ಯಾಟರಿ ನೋಡಿ, ಸೌಂಡ್‌ನವರನ್ನು ಬೈಯಬೇಡಿ.

ಐದು ತಂತಿಯ ಬೇಸ್ ಹೊಸಬರಿಗೆ ಬೇಡ. ಐದನೇ ತಂತಿ 31 ಹರ್ಟ್ಸ್. ನಮ್ಮ ಊರಿನ ಬಾಡಿಗೆ ಸ್ಪೀಕರುಗಳಲ್ಲಿ ಅದು ಬರೀ ಗಾಳಿ. ಗಾಯಕಿ ಡಿಯಲ್ಲಿ ಹಾಡುತ್ತಾರೆ, ಕೆಳಗಿನ ಡಿ ಬೇಕು ಅಂದರೆ ದಪ್ಪ ತಂತಿಯನ್ನೇ ಒಂದು ಸ್ವರ, ಅಂದರೆ ಇಯಿಂದ ಡಿಗೆ, ಇಳಿಸಿಕೊಳ್ಳಿ. ಅಷ್ಟರಲ್ಲೇ ಕೆಲಸ ನಡೆಯುತ್ತದೆ. ಕೈ ತೀರಾ ಚಿಕ್ಕದಿದ್ದರೆ, ಅಥವಾ ಮನೆಯಲ್ಲಿ ಹೈಸ್ಕೂಲು ಮಕ್ಕಳು ಕಲಿಯುವುದಿದ್ದರೆ 30 ಇಂಚಿನ ಶಾರ್ಟ್ ಸ್ಕೇಲ್ ನೋಡಿ. ಮಾಮೂಲಿ ಬೇಸ್ 34 ಇಂಚು. ನಟ್ಟಿನಿಂದ ಬ್ರಿಡ್ಜ್‌ವರೆಗಿನ ತಂತಿಯ ಅಳತೆ ಇದು.

ಸೆಕೆಂಡ್ ಹ್ಯಾಂಡ್ ಆದರೂ ಚಿಂತೆ ಇಲ್ಲ. ನೋಡಬೇಕಾದ್ದನ್ನು ನೋಡಿ. ಬೇಸನ್ನು ಬಂದೂಕಿನ ಥರ ಕಣ್ಣಿಗೆ ಹಿಡಿದು, ಬ್ರಿಡ್ಜಿನ ಕಡೆಯಿಂದ ನೆಕ್ಕಿನ ಅಂಚು ನೋಡಿ. ಚೂರು ಮುಂದಕ್ಕೆ ಬಾಗಿದ್ದರೆ ತೊಂದರೆ ಇಲ್ಲ. ತಿರುಚಿಕೊಂಡಿದ್ದರೆ, ಅಂದರೆ ದಪ್ಪ ತಂತಿಯ ಕಡೆ ಒಂದು ಥರ, ಸಣ್ಣ ತಂತಿಯ ಕಡೆ ಇನ್ನೊಂದು ಥರ ಇದ್ದರೆ, ನಮಸ್ಕಾರ ಹೇಳಿ ಬನ್ನಿ. ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿ ಮೀಟಿ. ಗುಂಡಿಗಳನ್ನು ತಿರುಗಿಸಿ, ಕರಕರ ಬಂದರೆ ಅದು ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಹೋಗುತ್ತದೆ. ಟ್ರಸ್ ರಾಡಿನ (ನೆಕ್ಕಿನ ಒಳಗೆ ಬಾಗು ಸರಿಮಾಡಲು ಇರುವ ಲೋಹದ ಸಲಾಕೆ) ನಟ್ಟು ತಿರುಗುತ್ತದೆಯೇ ಅಂತ ಮಾರುವವರ ಎದುರೇ ನೋಡಿ. ಕೊನೆಗೆ ಸ್ಟ್ರ್ಯಾಪ್ ಹಾಕಿ ನಿಂತು, ಎರಡೂ ಕೈ ಬಿಡಿ. ತಲೆ ಕಡೆ ದಬಕ್ಕನೆ ಕೆಳಗೆ ಹೋದರೆ ಮೂರು ಗಂಟೆಯ ಕಾರ್ಯಕ್ರಮದಲ್ಲಿ ನಿಮ್ಮ ಎಡಗೈ ಸ್ವರ ಒತ್ತುವುದಕ್ಕಿಂತ ನೆಕ್ ಹೊರುವುದರಲ್ಲೇ ಸೋಲುತ್ತದೆ.

ತಂತಿ

ಮಾಮೂಲಿ ಸೆಟ್ಟು 45ರಿಂದ 105. ಇಂಚಿನ ಸಾವಿರದ ಲೆಕ್ಕ ಅದು. ಅಂದರೆ ಸಣ್ಣ ತಂತಿ 0.045 ಇಂಚು, ದಪ್ಪದ್ದು 0.105. ದುಂಡು ತಂತಿ ಸುತ್ತಿದ ನಿಕ್ಕಲ್ ರೌಂಡ್‌ವೌಂಡ್ ತಂತಿ ಎಲ್ಲದಕ್ಕೂ ಹೊಂದುತ್ತದೆ. ಸ್ಟೀಲ್ ತಂತಿ ಇನ್ನೂ ಖಣಖಣ ಅನ್ನುತ್ತದೆ, ಬೆರಳನ್ನೂ ಫ್ರೆಟ್ಟನ್ನೂ ಬೇಗ ಸವೆಸುತ್ತದೆ. ಫ್ಲಾಟ್‌ವೌಂಡ್ ತಂತಿಯ ಮೇಲ್ಮೈ ನಯವಾಗಿರುತ್ತದೆ. ಸದ್ದು ಗುಂಡಗೆ, ಚಿಕ್ಕದಾಗಿ ಬಂದು ನಿಲ್ಲುತ್ತದೆ. ಹಳೆಯ ಕನ್ನಡ ಸಿನಿಮಾ ಹಾಡುಗಳನ್ನೇ ಜಾಸ್ತಿ ನುಡಿಸುವವರು ಇದನ್ನು ಒಮ್ಮೆ ಹಾಕಿ ನೋಡಬೇಕು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ 1960ರ ದಶಕದಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಪಿ ಬೇಸಿಗೆ ಫ್ಲಾಟ್‌ವೌಂಡ್ ಹಾಕಿ, ಬ್ರಿಡ್ಜಿನ ಮುಚ್ಚಳದ ಕೆಳಗೆ ಫೋಮ್ ಇಟ್ಟು, ಬಲಗೈಯ ಒಂದೇ ಬೆರಳಿನಲ್ಲಿ ನುಡಿಸುತ್ತಿದ್ದರು. ಆ ಫೋಮಿನ ಉಪಾಯ ನಮಗೂ ಆಗುತ್ತದೆ. ಹೊಸ ಸಾಮಾನಿನ ಪ್ಯಾಕಿಂಗಿನಲ್ಲಿ ಬರುವ ಸ್ಪಾಂಜಿನ ಒಂದು ಬೆರಳಗಲದ ತುಂಡು ಕತ್ತರಿಸಿ ಬ್ರಿಡ್ಜಿನ ಪಕ್ಕ ತಂತಿಗಳ ಕೆಳಗೆ ತುರುಕಿ. ತಬಲಾದ ಎಡಗೈ ಜೊತೆಗೆ ನುಡಿಸುವಾಗ ಎರಡೂ ಒಂದರ ಮೇಲೊಂದು ಬೀಳುವುದಿಲ್ಲ.

ಬೇಸ್ ತಂತಿ ಅಗ್ಗದ್ದಲ್ಲ, ಆದ್ದರಿಂದ ಕಾಪಾಡಿಕೊಳ್ಳಿ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಮಂಡ್ಯದ ಏಪ್ರಿಲ್ ಸೆಖೆಯಲ್ಲಿ ಬೆವರೇ ತಂತಿಯ ಶತ್ರು. ಹೊಸ ತಂತಿ ಹಾಕುವಾಗ ಉದ್ದ ಜಾಸ್ತಿ ಇದ್ದರೆ ಸುಮ್ನೆ ಕಟ್ ಮಾಡಬೇಡಿ. ಕತ್ತರಿಸುವ ಜಾಗದಿಂದ ಸ್ವಲ್ಪ ಈಚೆಗೆ ಇಕ್ಕಳದಲ್ಲಿ ಲಂಬವಾಗಿ ಬಗ್ಗಿಸಿ, ಆಮೇಲೆ ಬಾಗಿನ ಆಚೆ ಕತ್ತರಿಸಿ. ಇಲ್ಲದಿದ್ದರೆ ಮೇಲೆ ಸುತ್ತಿದ ತಂತಿ ಒಳಗಿನದರ ಮೇಲೆ ಸಡಿಲವಾಗಿ, ಹೊಸ ತಂತಿಯೇ ಸತ್ತ ತಂತಿಯ ಹಾಗೆ ಕೇಳುತ್ತದೆ.

ಹದ ಮಾಡುವುದು

ಇದನ್ನು ಮನೆಯಲ್ಲೇ ಮಾಡಬಹುದು. ಬೇಕಾಗುವುದು ನಿಮ್ಮ ಬೇಸಿಗೆ ಸರಿಹೊಂದುವ ಅಲೆನ್ ಕೀ, ಸ್ಟಾರ್ ಸ್ಕ್ರೂ ಡ್ರೈವರ್, ಅರ್ಧ ಮಿಲಿಮೀಟರ್ ಗೆರೆಯಿರುವ ಸ್ಟೀಲ್ ಸ್ಕೇಲು, ಟ್ಯೂನರ್ ಮತ್ತು ಫೀಲರ್ ಗೇಜು. ಫೀಲರ್ ಗೇಜಿಗೆ ಮ್ಯೂಸಿಕ್ ಅಂಗಡಿಗೆ ಹೋಗಬೇಕಿಲ್ಲ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವುದು ಅದೇ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಅಲೆನ್ ಕೀಯಲ್ಲಿ ಇಂಚಿನದು, ಮಿಲಿಮೀಟರಿನದು ಅಂತ ಎರಡು ಜಾತಿ. ಒಂದರ ಜಾಗದಲ್ಲಿ ಇನ್ನೊಂದು ತುರುಕಿದರೆ ಟ್ರಸ್ ರಾಡಿನ ನಟ್ಟಿನ ಮೂಲೆಗಳು ಸವೆದು ಹೋಗುತ್ತವೆ. ಆಮೇಲೆ ಆ ನೆಕ್ಕನ್ನು ಯಾರೂ ಮುಟ್ಟುವುದಿಲ್ಲ.

ಕ್ರಮ ಮುಖ್ಯ. ತಂತಿ ಬದಲಿಸಬೇಕಿದ್ದರೆ ಮೊದಲೇ ಬದಲಿಸಿ, ನುಡಿಸುವ ಶ್ರುತಿಗೆ ತಂದು, ಆಮೇಲೆ ಶುರು ಮಾಡಿ.

ಮೊದಲು ನೆಕ್ಕಿನ ಬಾಗು. ದಪ್ಪ ತಂತಿಯನ್ನು ಎಡಗೈಯಲ್ಲಿ ಒಂದನೇ ಫ್ರೆಟ್ಟಿನಲ್ಲಿ ಒತ್ತಿ. ಬಲ ಮೊಣಕೈಯಿಂದಲೋ ಇನ್ನೊಬ್ಬರ ಕೈಯಿಂದಲೋ ನೆಕ್ಕು ಬಾಡಿಗೆ ಸೇರುವ ಕಡೆಯ ಫ್ರೆಟ್ಟಿನಲ್ಲಿ ಒತ್ತಿ. ಈಗ ತಂತಿ ನೇರವಾದ ಅಳತೆಗೋಲು. ಏಳು-ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಗೇಜು ಇಲ್ಲದಿದ್ದರೆ ಒಂದು ಸಾಧಾರಣ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ತಂತಿಯನ್ನು ಮೇಲೆತ್ತದೆ ಕಾರ್ಡ್ ಒಳಗೆ ಹೋಗಬೇಕು, ಹೋದ ಮೇಲೆ ಸಲೀಸಾಗಿ ಕೆಳಗೆ ಬೀಳಬಾರದು. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲ ಮಾಡಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಬಿಗಿ ಮಾಡುವ ಮುಂಚೆ ತಂತಿಯನ್ನು ಸ್ವಲ್ಪ ಇಳಿಸಿ, ಆಮೇಲೆ ಮತ್ತೆ ಶ್ರುತಿಗೆ ತಂದು ಅಳೆಯಿರಿ. ಮರ ಕೂಡಲೇ ಮಾತು ಕೇಳುವುದಿಲ್ಲ. ರಾತ್ರಿ ಬಿಟ್ಟು ಬೆಳಗ್ಗೆ ಇನ್ನೊಮ್ಮೆ ನೋಡಿ.

ಆಮೇಲೆ ತಂತಿಯ ಎತ್ತರ. ಹನ್ನೆರಡನೇ ಫ್ರೆಟ್ಟಿನ ನೆತ್ತಿಯಿಂದ ತಂತಿಯ ಹೊಟ್ಟೆಯವರೆಗೆ ಅಳೆಯಿರಿ. ಸಣ್ಣ ತಂತಿಗೆ 2 ಮಿಲಿಮೀಟರ್, ದಪ್ಪ ತಂತಿಗೆ 2.5, ನಡುವಿನವು ಇವೆರಡರ ನಡುವೆ. ಬ್ರಿಡ್ಜಿನ ಮೇಲೆ ಪ್ರತಿ ತಂತಿ ಕೂರುವ ತುಂಡುಗಳಾದ ಸ್ಯಾಡಲ್‌ಗಳಲ್ಲಿರುವ ಪುಟ್ಟ ಸ್ಕ್ರೂಗಳಿಂದ ಇದನ್ನು ಏರಿಸಿ ಇಳಿಸಬಹುದು. ಯೂಟ್ಯೂಬ್ ನೋಡಿ ಎಲ್ಲರೂ ತಂತಿಯನ್ನು ನೆಲಕ್ಕೇ ತಾಗಿಸುತ್ತಾರೆ. ನನಗೆ ಅದು ಸರಿಬರುವುದಿಲ್ಲ. ವೇದಿಕೆಯ ಮೇಲೆ ಕೈ ತಾನಾಗಿ ಜೋರಾಗುತ್ತದೆ. ಮನೆಯ ಮೆತ್ತನೆಯ ಕೈಗೆ ಹೊಂದಿಸಿದ ಎತ್ತರ ಅಲ್ಲಿ ಬರೀ ಚಟಚಟ ಅನ್ನುತ್ತದೆ. ಸ್ವಲ್ಪ ಎತ್ತರ ಇದ್ದರೆ ತಂತಿಗೆ ಆಡಲು ಜಾಗ ಸಿಗುತ್ತದೆ, ಸ್ವರ ತುಂಬಿ ಬರುತ್ತದೆ.

ಚಟಚಟ ಎಲ್ಲಿ ಬರುತ್ತದೆ ಅನ್ನುವುದೇ ಕಾರಣವನ್ನೂ ಹೇಳುತ್ತದೆ. ಮೊದಲ ನಾಲ್ಕೈದು ಫ್ರೆಟ್ಟಿನಲ್ಲಿ ಬಂದರೆ ನೆಕ್ಕಿನ ಬಾಗು ಸಾಲದು. ಹನ್ನೆರಡರ ಆಚೆ ಬಂದರೆ ತಂತಿ ತಗ್ಗಾಯಿತು. ಒಂದೇ ಒಂದು ಫ್ರೆಟ್ಟಿನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ, ಅದು ನಮ್ಮ ಕೆಲಸ ಅಲ್ಲ, ಗಿಟಾರ್ ರಿಪೇರಿಯವರದು. ಇನ್ನೊಂದು ಮಾತು. ಗಿಟಾರಿಗೆ ಕಿವಿ ಇಟ್ಟರೆ ಮಾತ್ರ ಕೇಳುವ, ಆಂಪಿನಲ್ಲಿ (ಆಂಪ್ಲಿಫೈಯರ್) ಕೇಳದ ಚಟಚಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೂರನೆಯದು ಸ್ವರ ಸರಿಹೊಂದಿಸುವುದು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ಮುಟ್ಟಿ ಹಾರ್ಮೋನಿಕ್ ತೆಗೆಯಿರಿ, ಆಮೇಲೆ ಅದೇ ಜಾಗ ಒತ್ತಿ ಮೀಟಿ. ಟ್ಯೂನರಿನಲ್ಲಿ ಎರಡೂ ಒಂದೇ ತೋರಿಸಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ನೆಕ್ಕಿನಿಂದ ದೂರ ಸರಿಸಿ. ಇಳಿದಿದ್ದರೆ ನೆಕ್ಕಿನ ಕಡೆಗೆ ತನ್ನಿ. ಪ್ರತಿ ಸಲ ಸರಿಸಿದ ಮೇಲೆ ಮತ್ತೆ ಶ್ರುತಿ ಮಾಡಿ. ಹಳೇ ತಂತಿ ಇಟ್ಟುಕೊಂಡು ಇದನ್ನು ಮಾಡಿದರೆ ಹೊಸ ತಂತಿ ಹಾಕಿದ ದಿನ ಎಲ್ಲ ಮತ್ತೆ ಮೊದಲಿನಿಂದ.

ಕೊನೆಗೆ ಪಿಕಪ್ಪಿನ ಎತ್ತರ. ಕಡೆಯ ಫ್ರೆಟ್ ಒತ್ತಿದಾಗ ದಪ್ಪ ತಂತಿಗೂ ಪಿಕಪ್ಪಿಗೂ ನಡುವೆ 2.5ರಿಂದ 3 ಮಿಲಿಮೀಟರ್, ಸಣ್ಣ ತಂತಿಗೆ 2ರ ಆಸುಪಾಸು. ಹತ್ತಿರ ತಂದಷ್ಟೂ ಜೋರು ಅಂತ ಮೇಲೆತ್ತಿದರೆ ಪಿಕಪ್ಪಿನ ಆಯಸ್ಕಾಂತ ತಂತಿಯನ್ನೇ ಎಳೆಯುತ್ತದೆ, ಸ್ವರ ತೇಲಾಡುತ್ತದೆ. ನಾಲ್ಕೂ ತಂತಿ ಒಂದೇ ಜೋರಿನಲ್ಲಿ ಕೇಳುವವರೆಗೆ ಚೂರು ಚೂರು ತಿರುಗಿಸಿ. ಇಲ್ಲಿ ಸ್ಕೇಲಿಗಿಂತ ಕಿವಿಯ ಮಾತು ದೊಡ್ಡದು.

ಇಷ್ಟೆಲ್ಲ ಮಾಡಿ ಇಟ್ಟರೂ ಜೂನ್-ಜುಲೈ ಮಳೆಯಲ್ಲಿ, ಮತ್ತೆ ಮಾರ್ಚ್ ಒಣ ಹವೆಯಲ್ಲಿ ಮರ ಒಂದಿಷ್ಟು ಅಲ್ಲಾಡುತ್ತದೆ. ವರ್ಷಕ್ಕೆ ಎರಡು ಸಲವಾದರೂ ಬಾಗು ಅಳೆಯಿರಿ. ಅನೇಕ ಬೇಸ್‌ಗಳ ಫ್ರೆಟ್‌ಬೋರ್ಡ್ ಇಂಡಿಯನ್ ರೋಸ್‌ವುಡ್. ನಮ್ಮ ಬೀಟೆ ಮರವೇ ಅದು. ಮೈಸೂರಿನ ಕುಸುರಿ ಕೆಲಸದ ಪೆಟ್ಟಿಗೆ, ಫಲಕಗಳನ್ನು ಮಾಡುವುದೂ ಇದೇ ಮರದಲ್ಲಿ. ಎಲ್ಲೋ ಕಾರ್ಖಾನೆಗೆ ಹೋಗಿ, ಫ್ರೆಟ್ ಬಡಿಸಿಕೊಂಡು, ಮತ್ತೆ ನಮ್ಮ ಕೈಗೇ ಬರುತ್ತದೆ ಅನ್ನುವುದು ನನಗೆ ಒಂದು ಸಣ್ಣ ಖುಷಿ. ಒಣಗಿ ಬಿಳಚಿಕೊಂಡರೆ ಫ್ರೆಟ್‌ಬೋರ್ಡಿಗೆ ಅಂತಲೇ ಸಿಗುವ ಎಣ್ಣೆ ಎರಡು ಹನಿ ಹಾಕಿ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ದಯವಿಟ್ಟು.

ನಿಮ್ಮ ಕೋಣೆ ಸುಳ್ಳು ಹೇಳುತ್ತದೆ

ನಮ್ಮ ಕಡೆ ಮನೆಗಳಲ್ಲಿ ಹತ್ತಕ್ಕೆ ಹತ್ತಡಿ ಕೋಣೆ ಮಾಮೂಲಿ. ಹತ್ತಡಿ ಅಂದರೆ 3.05 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಎದುರುಬದುರು ಗೋಡೆಗಳ ನಡುವೆ ಸದ್ದು ಸಿಕ್ಕಿಕೊಂಡು ಗುಂಯ್‌ಗುಡುವ ಮೊದಲ ಸ್ವರ ಸಿಗಬೇಕಾದರೆ ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿ. ಉತ್ತರ 56 ಹರ್ಟ್ಸ್ ಚಿಲ್ಲರೆ. ಬೇಸಿನ ಎ ತಂತಿ, ಅಂದರೆ ದಪ್ಪ ತಂತಿಯ ಪಕ್ಕದ್ದು, 55. ಅಂದರೆ ಹತ್ತಡಿ ಕೋಣೆ ಹೆಚ್ಚುಕಡಿಮೆ ಎ ತಂತಿಗೇ ಶ್ರುತಿ ಮಾಡಿದ ಪೆಟ್ಟಿಗೆ. ಕೋಣೆ ಹತ್ತಕ್ಕೆ ಹತ್ತು ಚೌಕ ಆಗಿದ್ದರೆ ಎರಡೂ ಜೊತೆ ಗೋಡೆಗಳು ಅದೇ ಸ್ವರ ಎತ್ತುತ್ತವೆ. ಹನ್ನೆರಡಡಿ ಗೋಡೆ ಇದ್ದರೆ ಆ ಕಡೆಗೆ 47 ಹರ್ಟ್ಸ್, ದಪ್ಪ ತಂತಿಯ ಎರಡನೇ ಫ್ರೆಟ್ಟಿನ ಹತ್ತಿರ.

ನೀವೇ ನೋಡಿ. ಆಂಪ್ ಹಚ್ಚಿ, ಗೋಡೆಗೆ ಒರಗಿ ಎ ತಂತಿ ಮೀಟಿ. ಕೋಣೆಯೇ ಗುಡುಗುತ್ತದೆ. ಅದೇ ಜೋರಿನಲ್ಲಿ ಇನ್ನೊಬ್ಬರು ಮೀಟುತ್ತಿರಲಿ, ನೀವು ಎದ್ದು ಕೋಣೆಯ ನಟ್ಟನಡುವೆ ನಿಲ್ಲಿ. ಸ್ವರ ಅರ್ಧ ಮಾಯ. ನಮ್ಮ ಕಾಲೇಜಿನ ಹುಡುಗರಿಗೆ ಸ್ಥಿರ ಅಲೆ ಅಂದರೆ ಏನು ಅಂತ ಬೋರ್ಡಿನ ಮೇಲೆ ಎಷ್ಟು ಬರೆದರೂ ಹತ್ತದ್ದು ಹೀಗೆ ಒಂದೇ ಸಲಕ್ಕೆ ಹತ್ತುತ್ತದೆ.

ಹಾಗಾಗಿ ಮಂಚದ ಮೇಲೆ ಕೂತು, ಕೋಣೆಯ ಮೂಲೆಯಲ್ಲಿಟ್ಟ ಆಂಪಿನಲ್ಲಿ ಗುಂಡಿ ತಿರುಗಿಸಿ ತಿರುಗಿಸಿ ಸೌಂಡು ಹೊಂದಿಸಿದರೆ ಅದು ಆ ಮಂಚಕ್ಕೆ ಹೊಂದಿದ ಸೌಂಡು. ಆಂಪನ್ನು ಮೂಲೆಯಿಂದ ಈಚೆ ತನ್ನಿ. ಒಂದು ಕುರ್ಚಿಯ ಮೇಲಿಟ್ಟು ಕಿವಿಯ ಕಡೆ ವಾಲಿಸಿ. ಮಂಡಿಗೆ ಕೇಳುತ್ತಿದ್ದ ಮೇಲಿನ ಸದ್ದು ಆಗ ಕಿವಿಗೆ ಕೇಳುತ್ತದೆ. ಅನುಮಾನ ಬಂದರೆ ಹೆಡ್‌ಫೋನಿನಲ್ಲಿ ಕೇಳಿ, ಅದಕ್ಕೆ ಗೋಡೆಗಳಿಲ್ಲ.

ಆಂಪಿನ ವಿಷಯ ಬೇಗ ಮುಗಿಸುತ್ತೇನೆ. ಮನೆಗೆ 15ರಿಂದ 30 ವಾಟ್ ಸಾಕು. ಡ್ರಮ್ಮರ್ ಜೊತೆ ಪ್ರಾಕ್ಟೀಸಿಗೆ 100 ವಾಟ್‌ಗೆ ಕಡಿಮೆ ಇದ್ದರೆ ಏದುಸಿರು. ವಾಟ್ ಎರಡರಷ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ, ಕಿವಿಗೆ 'ಸ್ವಲ್ಪ ಜೋರಾಯಿತು' ಅನ್ನುವಷ್ಟೇ. ಆದ್ದರಿಂದ 100ರ ಬದಲು 150 ಅಂತ ಅಂಗಡಿಯವರು ಆಸೆ ತೋರಿಸಿದರೆ ಹಿಗ್ಗಬೇಡಿ. ಗೆಳೆಯನ ಎಲೆಕ್ಟ್ರಿಕ್ ಗಿಟಾರ್ ಆಂಪಿಗೆ ಬೇಸ್ ಚುಚ್ಚಿ ಜೋರಾಗಿ ನುಡಿಸಬೇಡಿ, ಅದರ ಸ್ಪೀಕರ್ ಈ ಹೊಡೆತಕ್ಕೆ ಮಾಡಿದ್ದಲ್ಲ. ಇನ್ನೊಂದು ಸ್ಪೀಕರ್ ಪೆಟ್ಟಿಗೆ ಸೇರಿಸುವುದಾದರೆ ಓಮ್ ನೋಡಿ: 8 ಓಮಿನ ಎರಡು ಪೆಟ್ಟಿಗೆ ಒಟ್ಟಿಗೆ ಚುಚ್ಚಿದರೆ 4 ಓಮ್ ಆಗುತ್ತದೆ. ಆಂಪಿನ ಹಿಂದೆ ಬರೆದ ಕನಿಷ್ಠಕ್ಕಿಂತ ಕೆಳಗೆ ಹೋಗಬಾರದು.

ಪೆಂಡಾಲಿನಲ್ಲಿ

ಪಾಂಡವಪುರದ ಕಡೆಯ ಒಂದು ಹಳ್ಳಿ ಅಂದುಕೊಳ್ಳಿ. ಗಣೇಶನ ಮುಂದೆ ಮರದ ಹಲಗೆ ಜೋಡಿಸಿದ ವೇದಿಕೆ, ಸುತ್ತ ಸೀರಿಯಲ್ ಸೆಟ್ಟು, ಹಿಂದೆ ಜನರೇಟರ್. ಸೌಂಡ್‌ನವರು ಒಂದು ಉದ್ದ ಜ್ಯಾಕ್ ಕೇಬಲ್ ಎಸೆದು "ಚುಚ್ಕಳಿ ಮೇಡಂ" ಅನ್ನುತ್ತಾರೆ. ಅದರ ಇನ್ನೊಂದು ತುದಿ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಹೋಗಿರುತ್ತದೆ. ಬೇಸಿನ ಸೌಂಡು ಸಾಯುವುದು ಅಲ್ಲೇ.

ಯಾಕೆ ಅಂದರೆ, ಪ್ಯಾಸಿವ್ (ಬ್ಯಾಟರಿ ಇಲ್ಲದ) ಬೇಸಿನ ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆ ತಾಮ್ರ. ಅದರಿಂದ ಬರುವ ಕರೆಂಟು ತುಂಬಾ ಸೂಕ್ಷ್ಮ. ಬೇಸ್ ಆಂಪಿನ ಇನ್‌ಪುಟ್ 10 ಲಕ್ಷ ಓಮಿನಷ್ಟು ಇರುತ್ತದೆ, ಪಿಕಪ್ ಆರಾಮಾಗಿ ಉಸಿರಾಡುತ್ತದೆ. ಮಿಕ್ಸರಿನ ಲೈನ್ ಇನ್‌ಪುಟ್ ಹತ್ತಿಪ್ಪತ್ತು ಸಾವಿರ ಓಮ್ ಇದ್ದರೆ ಹೆಚ್ಚು. ಆ ಭಾರಕ್ಕೆ ಮೇಲಿನ ಸದ್ದೆಲ್ಲ ಸೋರಿಹೋಗಿ ಕಂಬಳಿ ಹೊದ್ದ 'ಬೂಂ' ಉಳಿಯುತ್ತದೆ. ಸ್ವರ ಗುರುತಿಸಲು ಬೇಕಾದ್ದೇ ಆ ಮೇಲಿನ ಸದ್ದು. ಜೊತೆಗೆ ಉದ್ದ ಜ್ಯಾಕ್ ಕೇಬಲ್ ಇನ್ನಷ್ಟು ತಿನ್ನುತ್ತದೆ, ದಾರಿಯಲ್ಲಿ ಸೀರಿಯಲ್ ಸೆಟ್ಟಿನ ಗಲಾಟೆಯನ್ನೂ ಹೊತ್ತು ತರುತ್ತದೆ.

ಇದಕ್ಕೆ ಮದ್ದು ಡಿಐ ಬಾಕ್ಸ್. ಊಟದ ಡಬ್ಬಿಗಿಂತ ಚಿಕ್ಕದು. ಪ್ಯಾಸಿವ್ ಬೇಸ್ ಇದ್ದರೆ ಆಕ್ಟಿವ್ ಡಿಐ ತಗೊಳ್ಳಿ. ಆಕ್ಟಿವ್ ಬೇಸ್ ಇದ್ದರೆ ಪ್ಯಾಸಿವ್ ಡಿಐ ಸಾಕು. ಬೇಸಿನಿಂದ ಡಿಐಗೆ ನಿಮ್ಮದೇ ಐದಾರು ಮೀಟರ್ ಜ್ಯಾಕ್ ಕೇಬಲ್. ಡಿಐಯಿಂದ ಮಿಕ್ಸರಿಗೆ ಮೈಕಿನ ಕೇಬಲ್, ಅದು ಉದ್ದ ಇದ್ದರೂ ಗಲಾಟೆ ಅಷ್ಟಾಗಿ ಹತ್ತುವುದಿಲ್ಲ. ಸೌಂಡ್‌ನವರನ್ನು ಮರ್ಯಾದೆಯಾಗಿ ಕೇಳಿ. ನಾನು ಕೇಳುವುದು ಹೀಗೆ: "ಅಣ್ಣಾ, ಲೈನ್ ಬೇಡ, ಒಂದು ಮೈಕ್ ಚಾನಲ್ ಕೊಡಿ. ಫ್ಯಾಂಟಮ್ ಹಾಕಿ. ಚುಚ್ಚೋ ತಂಕ ಮ್ಯೂಟ್ ಮಾಡಿರಿ." ಫ್ಯಾಂಟಮ್ ಅಂದರೆ ಮಿಕ್ಸರ್ ಕಳಿಸುವ 48 ವೋಲ್ಟ್, ಆಕ್ಟಿವ್ ಡಿಐ ಓಡುವುದು ಅದರಲ್ಲೇ. ಮ್ಯೂಟ್ ಮಾಡದೆ ಚುಚ್ಚಿದರೆ 'ಧಡ್' ಅಂತ ಸದ್ದು ಬಂದು ಮುಂದೆ ಕೂತ ಮಕ್ಕಳು ಬೆಚ್ಚುತ್ತವೆ, ಸ್ಪೀಕರಿಗೂ ಒಳ್ಳೆಯದಲ್ಲ.

ಇನ್ನು ಗುಂಯ್. ನಮ್ಮ ಕರೆಂಟು 50 ಹರ್ಟ್ಸ್. ದಪ್ಪ ತಂತಿಯ ಮೂರನೇ ಫ್ರೆಟ್ 49. ಅಂದರೆ ಕರೆಂಟಿನ ಗುಂಯ್ ಹೆಚ್ಚುಕಡಿಮೆ ಜಿ ಸ್ವರ, ಚೂರು ಏರಿದ್ದು. ಜಿಯಲ್ಲಿರುವ ಹಾಡಿಗೆ ಅದು ಅಪಶ್ರುತಿಯ ತಂಬೂರಿ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಹೆದರಬೇಡಿ, ಅದು ಸಹಜ. ಜೆ ಬೇಸ್ ಇದ್ದರೆ ಎರಡೂ ವಾಲ್ಯೂಮ್ ಪೂರ್ತಿ ಇಡಿ. ಸೀರಿಯಲ್ ಸೆಟ್ಟಿನ ಕಡೆ ಬೇಸ್ ತಿರುಗಿಸಿ ನಿಂತಿದ್ದರೆ ಒಂದಿಷ್ಟು ಪಕ್ಕಕ್ಕೆ ತಿರುಗಿ ನೋಡಿ, ಕೆಲವು ಕೋನದಲ್ಲಿ ಗುಂಯ್ ತಾನೇ ಸಾಯುತ್ತದೆ. ನಿಮ್ಮ ಆಂಪೂ ಡಿಐ ಮೂಲಕ ಮಿಕ್ಸರೂ ಎರಡಕ್ಕೂ ಸೇರಿದಾಗ ಮಾತ್ರ ಗುಂಯ್ ಬಂದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ (ಮಿಕ್ಸರಿಗೆ ಹೋಗುವ ಕೇಬಲಿನ ಗ್ರೌಂಡ್ ಮಾತ್ರ ಬಿಡಿಸುವ) ಸ್ವಿಚ್ ಒತ್ತಿ.

ಗ್ರೌಂಡ್ ಲಿಫ್ಟ್ ಸ್ವಿಚ್ಚು ಬೇರೆ, ಪ್ಲಗ್ಗಿನ ಅರ್ಥ್ ಪಿನ್ನು ಬೇರೆ. ಮೂರು ಪಿನ್ನಿನಲ್ಲಿ ಮೇಲಿನ ದಪ್ಪ ಪಿನ್ನನ್ನು ಕತ್ತರಿಸಿ ಗುಂಯ್ ನಿಲ್ಲಿಸುವವರನ್ನು ಕಂಡಿದ್ದೇನೆ. ಪ್ಲಗ್ಗೇ ಇಲ್ಲದೆ, ಬರೀ ಎರಡು ವೈರಿನ ತುದಿ ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಬಿಗಿ ಕೊಡುವುದಂತೂ ನಮ್ಮ ಕಡೆ ನೀವೂ ನೋಡಿರುತ್ತೀರಿ. ಅಂಥ ಕಡೆ ಆಂಪ್ ಹಚ್ಚಲೇಬೇಡಿ. ಬೇಸಿನ ತಂತಿಗಳು ಆಂಪಿನ ಅರ್ಥಿಗೆ ಸೇರಿರುತ್ತವೆ, ಹಾಡುವ ಮೈಕ್ ಮಿಕ್ಸರಿನ ಅರ್ಥಿಗೆ. ಎರಡರಲ್ಲಿ ಒಂದಕ್ಕೆ ಅರ್ಥ್ ಕೆಟ್ಟಿದ್ದರೆ, ತಂತಿ ಹಿಡಿದು ಕೋರಸ್ ಹಾಡಲು ಮೈಕಿಗೆ ತುಟಿ ತಾಗಿಸಿದ ಕ್ಷಣ ನಿಮ್ಮ ಮೈಯೇ ವೈರು. ನನ್ನ ಬ್ಯಾಗಿನಲ್ಲಿ ಕರೆಂಟ್ ಟೆಸ್ಟರ್ ಸದಾ ಇರುತ್ತದೆ. ಮೈಕಿನ ಲೋಹದ ಜಾಲರಿಗೂ ಬೇಸಿನ ಬ್ರಿಡ್ಜಿಗೂ ಮುಟ್ಟಿಸಿ, ದೀಪ ಹತ್ತಿದರೆ ನಾನು ನುಡಿಸುವುದಿಲ್ಲ, ಯಾರು ಎಷ್ಟೇ ಅವಸರ ಮಾಡಲಿ. ಹತ್ತದಿದ್ದರೂ ಕೈಗೆ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಆಂಪೂ ಮಿಕ್ಸರೂ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಂಡರೆ ಅಪಾಯವೂ ಕಡಿಮೆ, ಗುಂಯ್ ಕೂಡ ಕಡಿಮೆ.

ಗುಂಡಿಗಳ ವಿಷಯ. ಎಲ್ಲವನ್ನೂ ನಡುವಿಗೆ ಇಟ್ಟು ಶುರು ಮಾಡಿ. ಸೌಂಡ್‌ನವರು ಕೆಳಗಿನದನ್ನೂ ಮೇಲಿನದನ್ನೂ ಮೊದಲೇ ಏರಿಸಿ, ನಡುವಿನದನ್ನು ಇಳಿಸಿ ಇಟ್ಟಿರುತ್ತಾರೆ. ಹಾಡು ಹಾಕಿದರೆ ಜೋರಾಗಿ ಕೇಳಲಿ ಅಂತ. ಅದರ ಮೇಲೆ ನೀವೂ ಬೇಸ್ ಗುಂಡಿ ಏರಿಸಿದರೆ ಬರೀ ಕೆಸರು. 40 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವ ಸ್ವಿಚ್ ಇದ್ದರೆ ಒತ್ತಿ, ಏನೂ ಕಳೆದುಕೊಳ್ಳುವುದಿಲ್ಲ. ಕೆಸರು ಅನ್ನಿಸಿದರೆ 250 ಹರ್ಟ್ಸ್ ಸುತ್ತ ಸ್ವಲ್ಪ ಇಳಿಸಿ. ಸ್ವರ ಕೇಳುತ್ತಿಲ್ಲ ಅನ್ನಿಸಿದರೆ ವಾಲ್ಯೂಮ್ ಮುಟ್ಟುವ ಮುಂಚೆ 700ರಿಂದ 900 ನಡುವೆ ಒಂದಿಷ್ಟು ಏರಿಸಿ. ಫ್ರೆಟ್ಟಿನ ಖಟಖಟ ಜಾಸ್ತಿಯಾದರೆ 2000ದ ಮೇಲಿನದನ್ನು ತಗ್ಗಿಸಿ. ತಮಟೆ ಇರುವ ಹಾಡಿಗೆ ಈ ಖಟಖಟವೇ ಬೇಕಾಗುತ್ತದೆ ಅನ್ನುವುದೂ ನಿಜ.

ಬೆರಳಿನ ಜಾಗಕ್ಕೆ ಯಾವ ಗುಂಡಿಯೂ ಸಮ ಅಲ್ಲ. ನೆಕ್ಕಿನ ಹತ್ತಿರ ಮೀಟಿದರೆ ದುಂಡು, ಬ್ರಿಡ್ಜಿನ ಹತ್ತಿರ ಮೀಟಿದರೆ ಗಟ್ಟಿ. ಪಲ್ಲವಿಗೆ ಒಂದು ಕಡೆ, ಚರಣಕ್ಕೆ ಇನ್ನೊಂದು ಕಡೆ ಕೈ ಇಟ್ಟರೆ ಸಾಕು. ಪೆಡಲ್‌ಗಳ ಪೈಕಿ ಟ್ಯೂನರ್ ಒಂದು ಬೇಕೇ ಬೇಕು. ದುಡ್ಡು ಉಳಿದರೆ ಕಂಪ್ರೆಸರ್, ಅಂದರೆ ಜೋರಾದ ಸ್ವರವನ್ನು ತಾನೇ ತಗ್ಗಿಸುವ ಪೆಡಲ್: ನಾಲ್ಕಕ್ಕೆ ಒಂದರ ಅನುಪಾತ, ಜೋರಾದ ಸ್ವರ ಮೂರರಿಂದ ಆರು ಡೆಸಿಬಲ್ ತಗ್ಗುವಷ್ಟು. ಬೇರೆಯವು ಆಟದ ಸಾಮಾನು, ಆಟ ಆಡಲು ನನಗೂ ಇಷ್ಟ.

ಕೊನೆಯ ಕೆಲಸ, ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸೌಂಡ್ ಚೆಕ್ಕಿನಲ್ಲಿ ಬೇಸನ್ನು ಕೀಬೋರ್ಡಿನವರ ಕೈಗೆ ಕೊಡಿ. ನಾಲ್ಕು ಸ್ವರ ತೋರಿಸಿ, ಡೋಲಕ್ ಜೊತೆ ಅದನ್ನೇ ತಿರುಗಿ ತಿರುಗಿ ಮೀಟಲು ಹೇಳಿ. ನೀವು ವೇದಿಕೆ ಇಳಿದು, ಮೊದಲ ಸಾಲಿಗೆ, ಆಮೇಲೆ ನಡುವಿಗೆ, ಆಮೇಲೆ ಕಡೆಯ ಕುರ್ಚಿಯ ಹಿಂದೆ, ಚುರುಮುರಿ ಗಾಡಿ ನಿಂತಿರುವ ಕಡೆಗೆ ಹೋಗಿ ಕೇಳಿ. ನಾಲ್ಕು ಸ್ವರ ನಾಲ್ಕಾಗಿ ಕೇಳಿದರೆ ಸರಿ. ಒಂದೇ ಆಗಿ ಕೇಳಿದರೆ ಸೌಂಡ್‌ನವರ ಹತ್ತಿರ ಹೋಗಿ "ಅಣ್ಣಾ, ಬೇಸ್ ಚಾನಲ್ಲಲ್ಲಿ ಲೋ ಸ್ವಲ್ಪ ತೆಗೀರಿ" ಅನ್ನಿ. ಎಲ್ಲರೂ ಬಂದು ಏರಿಸಿ ಅನ್ನುವಾಗ ಇಳಿಸಿ ಅನ್ನುವವರನ್ನು ಕಂಡರೆ ಅವರಿಗೂ ಖುಷಿ, ಮುಂದಿನ ಸಲ ಮೈಕ್ ಚಾನಲ್ ಕೇಳುವ ಮೊದಲೇ ಎತ್ತಿಟ್ಟಿರುತ್ತಾರೆ. ಇದಕ್ಕೆ ಅರ್ಧ ಗಂಟೆ ಬೇಕು. ಮುಖ್ಯ ಅತಿಥಿಗಳ ಕಾರು ಬಂತು ಅಂದರೆ ಚೆಕ್ಕಿಗೆ ಯಾರೂ ಟೈಮ್ ಕೊಡುವುದಿಲ್ಲ, ಪೆಂಡಾಲಿಗೆ ಬೇಗ ಹೋಗಿ.